ಸೋಲಾರು ಕುಡಿದ ಹಾಲು

ನಾನು ಹಾಲು ಟೆಸ್ಟ್ ಮಾಡುವವಳು. ಮದ್ದೂರು ತಾಲ್ಲೂಕಿನಲ್ಲಿ, ಚಿಕ್ಕರಸಿನಕೆರೆಗೆ ಹತ್ತಿರದ ಒಂದು ಊರಿನ ಮಹಿಳಾ ಡೈರಿಯಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಊರಿನ ಹೆಂಗಸರು ಕ್ಯಾನು, ಚೊಂಬು, ಸ್ಟೀಲ್ ಡಬ್ಬಿ ಹಿಡಿದು ನನ್ನ ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ. ನಾನು ಒಬ್ಬೊಬ್ಬರ ಹಾಲನ್ನೂ ಮಿಷನ್ನಿಗೆ ಕೊಟ್ಟು, ಅದು ತೋರಿಸಿದ ಡಿಗ್ರಿಯನ್ನು ಗಟ್ಟಿಯಾಗಿ ಕೂಗುತ್ತೇನೆ. ಡಿಗ್ರಿ ಎಂದರೆ ಹಾಲು ಎಷ್ಟು ಗಟ್ಟಿ ಎನ್ನುವುದು. ಇಪ್ಪತ್ತೆಂಟು ಬಂದರೆ ಒಳ್ಳೆಯ ಹಾಲು. ಇಪ್ಪತ್ತಾರು ಎಂದು ಕೂಗಿದರೆ ಸಾಲಿನಲ್ಲಿರುವ ಅಷ್ಟೂ ಜನ ಆ ಹೆಂಗಸಿನ ಮುಖ ನೋಡುತ್ತಾರೆ. ನೀರು ಬೆರೆಸಿದ್ದಾಳೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ.

ನಮ್ಮ ಡೈರಿಗೆ ಸೋಲಾರ್ ತಂದವರು ಅಧ್ಯಕ್ಷೆ. ಅರವತ್ತರ ಆಸುಪಾಸಿನ ಹೆಂಗಸು. ಸಹಿ ಹಾಕುವುದು, ಅಂಕಿ ಗುರುತಿಸುವುದು ಬಿಟ್ಟರೆ ಓದುಬರಹ ಬಾರದು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮಳವಳ್ಳಿ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದ ನನಗೆ, ಊರಿನ ಹುಡುಗಿಯರನ್ನೆಲ್ಲ ಬಿಟ್ಟು, ಸ್ವಂತ ಅಣ್ಣನ ಮಗಳನ್ನೂ ಬಿಟ್ಟು, ಈ ಕೆಲಸ ಕೊಡಿಸಿದವರು ಅವರೇ. ಹಿಂದಿನ ಬೇಸಿಗೆಯಲ್ಲಿ ಕರೆಂಟು ಹೋಗಿ, ಅದೇ ಹೊತ್ತಿಗೆ ಜನರೇಟರೂ ಕೈಕೊಟ್ಟು, ಕೂಲರಿನಲ್ಲಿದ್ದ ಇಡೀ ಊರಿನ ಹಾಲು ಒಡೆದುಹೋಯಿತು. ಅದನ್ನು ಚರಂಡಿಗೆ ಸುರಿಯುವಾಗ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಮಾರನೆಯ ವಾರದಿಂದಲೇ ಮದ್ದೂರಿಗೆ, ಮಂಡ್ಯಕ್ಕೆ ಬಸ್ಸು ಹತ್ತಿಳಿದು, ಕಂಡಕಂಡ ಕಚೇರಿಯ ಬೆಂಚಿನ ಮೇಲೆ ಕೂತು, ಅಂತೂ ಜನವರಿಯ ಕೊನೆಯಲ್ಲಿ ಡೈರಿಯ ಸೂರಿನ ಮೇಲೆ ಸೋಲಾರ್ ಪ್ಯಾನಲ್ಲುಗಳನ್ನು ಕೂರಿಸಿದರು. ಕೂಲರು, ಮಿಷನ್ನು, ಲೈಟು ಎಲ್ಲವೂ ಬ್ಯಾಟರಿಗೆ ತುಂಬಿದ ಬಿಸಿಲಿನ ಕರೆಂಟಿನಲ್ಲಿ ನಡೆಯತೊಡಗಿದವು. ಬ್ಯಾನರು, ರಿಬ್ಬನ್ನು ಯಾವುದೂ ಇರಲಿಲ್ಲ. ಅಕ್ಕ ಎಲ್ಲರಿಗೂ ಒಂದೊಂದು ತುಂಡು ಬೆಲ್ಲ ಕೊಟ್ಟರು.

ಆದರೆ ಅದೇ ವಾರದಿಂದ ಡಿಗ್ರಿ ಬೀಳತೊಡಗಿತು. ಮೊದಲು ಮೂರು ಮನೆಯದು, ಆಮೇಲೆ ಹತ್ತು, ಆಮೇಲೆ ಹೆಚ್ಚುಕಡಿಮೆ ಇಡೀ ಸಾಲಿನದು. ನನಗೆ ಕಾರಣ ತಿಳಿಯಲಿಲ್ಲ. ಹೆಂಗಸರು ಕಿಟಕಿಗೆ ಮುಖ ತಂದು ಜಗಳವಾಡುತ್ತಿದ್ದರು, ನಾನೂ ಬಿಡುತ್ತಿರಲಿಲ್ಲ. ನನ್ನ ನಾಲಿಗೆ ಮೊದಲಿನಿಂದಲೂ ಸ್ವಲ್ಪ ಹರಿತ. ಬೆಳಗಿನ ಹೊತ್ತು, ಟೀ ಕುಡಿಯುವ ಮುಂಚೆ, ಇನ್ನೂ ಹರಿತ.

ಹತ್ತನೇ ದಿನ ಬೆಳಿಗ್ಗೆ ಹಿಟ್ಟಿನ ಗಿರಣಿ ನಡೆಸುವ ಮನೆಯ ಹೆಂಗಸಿನ ಸರದಿ ಬಂತು. ಊರಿನ ಅರ್ಧ ಸುದ್ದಿ ಅವಳ ಗಿರಣಿಯ ಬಾಗಿಲಲ್ಲೇ ಸಾಗುವುದು. ಅವಳ ಹಾಲೂ ಇಪ್ಪತ್ತಾರು.

“ಒಂದ್ ತೊಟ್ಟು ನೀರ್ ಸೋಕ್ಸಿಲ್ಲ ಕಣಮ್ಮಿ, ನನ್ ಮಕ್ಳಾಣೆ. ಯಾಕಿಂಗಾಯ್ತದೆ ಯೋಳು.”

ಆವತ್ತು ಅದೇ ಪ್ರಶ್ನೆಯನ್ನು ಕೇಳಿದ ಹನ್ನೆರಡನೆಯವಳು ಅವಳು. ನನಗೆ ತಲೆ ಕೆಟ್ಟಿತ್ತು. “ನಿನ್ ಆಲ್ನ ಸಾರಾನೆಲ್ಲ ಮ್ಯಾಲಿರೋ ಸೋಲಾರು ಕುಡ್ಕೊಂಬುಟ್ಟದೆ ಕಣಮ್ಮಿ, ಓಗು” ಎಂದೆ.

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ತಲೆಯೆತ್ತಿ ಸೂರು ನೋಡಿದಳು. ಆಮೇಲೆ ಕಿಟಕಿಯ ಸರಳಿಗೆ ಬಾಯಿ ತಂದು, “ನಂಗೆ ಗೊತ್ತಿತ್ತು. ನಿನ್ನ ಎಸ್ರು ನಾನ್ ಎತ್ತಲ್ಲ ಬುಡು” ಎಂದು ಪಿಸುಗುಟ್ಟಿ, ಡಬ್ಬಿ ಎತ್ತಿಕೊಂಡು ಹೊರಟಳು. ಅವಳು ಹೋದ ರೀತಿ ನೋಡಿ ಕರೆಯಬೇಕು ಅನಿಸಿತು. ಆದರೆ ಹಿಂದಿನವಳು ಆಗಲೇ ಚೊಂಬು ಇಟ್ಟಿದ್ದಳು, ನಾನು ಆ ಹಾಲಿಗೆ ಕೈಹಾಕಿದೆ.

ಅವಳು ಮಾತಿಗೆ ತಪ್ಪಲಿಲ್ಲ. ನನ್ನ ಹೆಸರು ಎತ್ತಲಿಲ್ಲ. ‘ಡೈರಿ ಒಳಗಡೆಯೋರೇ ಯೋಳವ್ರೆ, ಯಾರು ಅಂತ ಕೇಳ್ಬೇಡಿ, ಪಾಪ ಕೆಲ್ಸ ಓಯ್ತದೆ’ ಎಂದಷ್ಟೇ ಹೇಳಿದಳು. ಹೆಸರಿಲ್ಲದ ಆ ಮಾತಿಗೆ ಬಂದ ಬಲ ನನ್ನ ಹೆಸರಿದ್ದಿದ್ದರೆ ಖಂಡಿತ ಬರುತ್ತಿರಲಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ, ಒಳಗಿನ ಯಾರೋ ಪುಣ್ಯಾತ್ಗಿತ್ತಿ ಬಾಯಿಬಿಟ್ಟಿದ್ದಾಳೆ ಎಂದು ಊರು ನಂಬಿತು. ನಂಬಲು ಇನ್ನೊಂದು ಕಾರಣವೂ ಇತ್ತು, ಅದನ್ನು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸೋಲಾರ್ ಹಾಲಿನ ಸಾರ ಹೀರುತ್ತದೆ ಎಂದಾದರೆ ಯಾರೂ ನೀರು ಬೆರೆಸಿಲ್ಲ ಎಂದಾಯಿತಲ್ಲ. ಹತ್ತು ದಿನದಿಂದ ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದ ಹೆಂಗಸರು ಆವತ್ತು ಸಂಜೆ ತಲೆಯೆತ್ತಿಕೊಂಡು ಬಂದರು. ಅವರ ಮಾನ ಉಳಿಸಿದ ಸುದ್ದಿಯನ್ನು ಸುಳ್ಳು ಎನ್ನುವ ಧೈರ್ಯ ಯಾರಿಗಿತ್ತು?

ಸುದ್ದಿ ಫೋನಿಗೆ ಹತ್ತಿತು. ಗಿರಣಿಯವಳ ತಂಗಿಯನ್ನು ಹನಕೆರೆಗೆ ಕೊಟ್ಟಿದೆ, ಅಲ್ಲಿಂದ ಎಲ್ಲಿಗೆ ಹೋಯಿತೋ. ಒಂದು ವಾರಕ್ಕೆ ಮಳವಳ್ಳಿಯಿಂದ ನನ್ನ ಅವ್ವನೇ ನನಗೆ ವಾಟ್ಸಾಪಿನಲ್ಲಿ ಕಳಿಸಿದರು. ಉದ್ದನೆಯ ಬರಹ, ಮೇಲೆ ಮೂರು ಕೆಂಪು ಗುರುತು. ಡೈರಿಯ ಹಿರಿಯ ಅಧಿಕಾರಿಯೊಬ್ಬರು ಒಪ್ಪಿಕೊಂಡ ಸತ್ಯವಂತೆ, ಸೋಲಾರ್ ಇರುವ ಕಡೆ ಹಾಲಿನ ಸತ್ವ ಇಳಿಯುತ್ತದಂತೆ, ಹಸು ಗಬ್ಬ ನಿಲ್ಲದೆ ಕಂದು ಹಾಕುತ್ತದಂತೆ, ಮೋಡ ಚದುರುತ್ತದಂತೆ. ಕೆಳಗೆ ಅವ್ವನ ಸ್ವಂತ ಮಾತು, ವಾಯ್ಸ್ ಮೆಸೇಜಿನಲ್ಲಿ: “ನೀನು ಅದ್ರ ಕೆಳ್ಗೇ ಕೂತಿರ್ತೀಯಲ್ಲವ್ವ, ಉಸಾರು ಕಣವ್ವ.” ಆ ಹಿರಿಯ ಅಧಿಕಾರಿ ನಾನೇ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆವತ್ತು ಫೋನನ್ನು ಮಗುಚಿಟ್ಟು ಕ್ಯಾನು ತೊಳೆಯಲು ಹೋದೆ.

ನಿಜ ಹೇಳುವವರು ಬರಲಿಲ್ಲ ಎಂದಲ್ಲ. ಮಂಡ್ಯದಿಂದ ಒಬ್ಬ ಇಂಜಿನಿಯರು ಬಂದು, ಶಾಲೆಯ ಜಗುಲಿಯಲ್ಲಿ ಬಿಳಿ ಪರದೆ ಕಟ್ಟಿ, ಚಿತ್ರ ತೋರಿಸಿ, ಬೆಳಕು ಹೇಗೆ ಕರೆಂಟಾಗುತ್ತದೆ ಎಂದು ಒಂದು ಗಂಟೆ ವಿವರಿಸಿದರು. ಒಳ್ಳೆಯ ಮನುಷ್ಯ, ಒಂದೂ ಸುಳ್ಳು ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು, “ಸಾ, ನಿಮ್ಮನೇಲಿ ಅಸ ಅವಾ?” ಎಂದು ಕೇಳಿದಳು. ಇಲ್ಲಮ್ಮ ಎಂದರು. ಎಲ್ಲರೂ ಸೀರೆ ಕೊಡವಿಕೊಂಡು ಎದ್ದರು. ಇಂಜಿನಿಯರು ಹಂಚಿದ ಬಣ್ಣದ ಕಾಗದಗಳಲ್ಲಿ ಮಾರನೆಯ ದಿನ ಗಿರಣಿಯಲ್ಲಿ ಹಿಟ್ಟಿನ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಿದ್ದರು. ನನಗೆ ಹೆಂಗಸರ ಮೇಲೆ ಕೋಪ ಬಂತು. ಅವರಿಗಿದ್ದ ಪ್ರಶ್ನೆಗೆ ಆ ಒಂದು ಗಂಟೆಯಲ್ಲಿ ಉತ್ತರವೇ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ತಮ್ಮ ಹಾಲು ಯಾಕೆ ತೆಳ್ಳಗಾಯಿತು ಎಂಬುದೊಂದೇ ಅವರಿಗೆ ಬೇಕಿತ್ತು.

ಹಾಲು ಹಾಕುವವರು ಕಡಿಮೆಯಾದರು. ಡಿಗ್ರಿ ನೋಡದೆ ಅಳೆದುಕೊಂಡು ಹೋಗುವ ಖಾಸಗಿ ವ್ಯಾನೊಂದು ಅರಳಿಮರದ ಹತ್ತಿರ ನಿಲ್ಲತೊಡಗಿತು. ಒಂದು ಬೆಳಿಗ್ಗೆ ನಾನು ಬೀಗ ತೆಗೆಯಲು ಬಂದಾಗ ಅಂಗಳದಲ್ಲಿ ಕಲ್ಲು ಬಿದ್ದಿತ್ತು, ಮೇಲೆ ಒಂದು ಪ್ಯಾನಲ್ಲು ಸೀಳು ಬಿಟ್ಟಿತ್ತು. ಅಕ್ಕ ಏಣಿ ಹತ್ತಿ ಆ ಸೀಳಿನ ಮೇಲೆ ಕೈಯಾಡಿಸಿ ಇಳಿದರು. ಅವರು ಇಳಿದ ಮೇಲೆ ಕೇಳಿದ ಪ್ರಶ್ನೆಗೇ ನಾನು ಹೆದರಿಕೊಂಡಿದ್ದೆ.

“ಇದ್ನ ಹುಟ್ಸಿದೋರು ಯಾರು ಅಂತ ನಿಂಗೇನಾರ ಗೊತ್ತಾ? ಕಿಟ್ಕೀಲಿ ಎಲ್ರೂ ಮಾತಾಡ್ತಾರಲ್ಲ.”

“ಇಲ್ಲ ಕಣಕ್ಕ. ಯಾರೋ ಏನೋ” ಎಂದೆ.

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಸುದ್ದಿ ಹುಟ್ಟಿದ ದಿನವೇ ಹೇಳಿಬಿಟ್ಟಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಕಲ್ಲು ಬಿದ್ದ ಮೇಲೆ ಅದು ಬರೀ ಮಾತಾಗಿ ಉಳಿದಿರಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅಕ್ಕನ ಕಣ್ಣಲ್ಲಿ ಸಣ್ಣವಳಾಗುವ ಹೆದರಿಕೆ.

ನಾನು ಸುಮ್ಮನಿದ್ದೆ, ಅಕ್ಕ ತಾವೇ ಒಂದು ತೀರ್ಮಾನಕ್ಕೆ ಬಂದರು. ಅವರ ಓರಗಿತ್ತಿಯ ಮನೆ ಡೈರಿಯ ಹಿಂದಿನ ಗೋಡೆಗೆ ಅಂಟಿಕೊಂಡೇ ಇದೆ. ಕೊಟ್ಟಿಗೆಯ ಹೆಂಚಿಗೂ ನಮ್ಮ ಪ್ಯಾನಲ್ಲಿಗೂ ನಡುವೆ ಒಂದು ಮಾರು ಜಾಗವಿರಬಹುದು. ಮನೆ ಪಾಲಾದಾಗ ನಡುಗೋಡೆಯ ವಿಷಯಕ್ಕೆ ಆ ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಪ್ಯಾನಲ್ಲು ಹತ್ತಿಸುವ ದಿನ ಓರಗಿತ್ತಿ, “ನಮ್ ಸೂರಿನ್ ಮ್ಯಾಕೆ ಬಿಸ್ಲು ಬೀಳ್ದಂಗೆ ಮಾಡ್ಬುಟ್ರು” ಎಂದು ಬೀದಿಯಲ್ಲಿ ನಿಂತು ಅಂದಿದ್ದಳು. ಅಷ್ಟು ಸಾಕಾಯಿತು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅಕ್ಕ ಎಲ್ಲರೆದುರಿಗೆ, “ನನ್ನ ಮಣ್ಣು ಮಾಡಕ್ಕೆ ಸುದ್ದಿ ಕಟ್ಟವ್ಳೆ, ಕಲ್ಲೂ ಇವ್ಳದೇ” ಎಂದುಬಿಟ್ಟರು. ಆ ಹೆಂಗಸು ಕೊಡ ಕೆಳಗಿಟ್ಟು ಬರಿಗೈಯಲ್ಲಿ ಮನೆಗೆ ಹೋದಳು. ನಾನು ಆಗಲೂ ಅಲ್ಲೇ ಇದ್ದೆ.

ಅದು ಕಬ್ಬಿನ ಕಟಾವಿನ ಕಾಲ. ನಮ್ಮ ಕಡೆ ಯಾರ ಗದ್ದೆಯಲ್ಲಿ ಕಬ್ಬು ಕಡಿದರೂ ಅದರ ತುದಿಯ ಹಸಿರು ಸೋಗೆಯನ್ನು ನೆರೆಹೊರೆಯವರು ದನಕ್ಕೆ ಹೊರೆ ಕಟ್ಟಿಕೊಂಡು ಹೋಗುತ್ತಾರೆ. ಅದಕ್ಕೆ ಕೇಳಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ‘ಸೋಗೆಗೆ ಬರ್ರಮ್ಮ’ ಎಂದು ಒಂದು ಕೂಗು ಹಾಕಿದರೆ ಮುಗಿಯಿತು. ಆ ಕೂಗು ಬರದ ಮನೆ ಊರಿನ ಲೆಕ್ಕಕ್ಕೆ ಇಲ್ಲದ ಮನೆ. ನಲ್ಲಿಯ ಜಗಳದ ಮಾರನೆಯ ದಿನದಿಂದ ಓರಗಿತ್ತಿಯ ಮನೆಗೆ ಆ ಕೂಗು ನಿಂತಿತು. ಸೋಲಾರನ್ನು ಬೈಯುವವರೂ ಕೂಗಲಿಲ್ಲ, ಅಕ್ಕನ ಕಡೆಯವರೂ ಕೂಗಲಿಲ್ಲ. ಇವಳು ಅಟ್ಟದ ಮೇಲಿನ ರಾಗಿ ಹುಲ್ಲು ಇಳಿಸಿ, ಮದ್ದೂರಿನಿಂದ ಹಿಂಡಿ, ಬೂಸಾ ತರಿಸಿ ಹಸುವಿಗೆ ಹಾಕತೊಡಗಿದಳು.

ಎಂಟು ದಿನದ ಮೇಲೆ, ಎಲ್ಲರಂತೆ ಇಪ್ಪತ್ತಾರಕ್ಕೆ ಇಳಿದಿದ್ದ ಅವಳ ಹಾಲು ಮಿಷನ್ನಿನಲ್ಲಿ ಇಪ್ಪತ್ತೇಳೂವರೆ ತೋರಿಸಿತು. ಹತ್ತನೇ ದಿನ ಇಪ್ಪತ್ತೆಂಟು.

ನಾನು ಆ ಸಂಖ್ಯೆಯನ್ನು ಕೂಗಿದೆ. ಸಾಲು ಮುಗಿದ ಮೇಲೆ ರಿಜಿಸ್ಟರು ತೆಗೆದು ಹಿಂದಕ್ಕೆ ತಿರುವಿದೆ. ಮೊದಲು ಡಿಗ್ರಿ ಬಿದ್ದ ಮೂರು ಮನೆಗಳು ಯಾವುವು? ಊರಿನಲ್ಲಿ ಮೊದಲು ಕಟಾವಾದ ಗದ್ದೆಯ ಅಕ್ಕಪಕ್ಕದವು. ಬೇರೆ ವರ್ಷ ಒಬ್ಬರ ಕಬ್ಬು ಈ ತಿಂಗಳಾದರೆ ಇನ್ನೊಬ್ಬರದು ಮುಂದಿನ ತಿಂಗಳು. ಸೋಗೆ ಒಂದೊಂದು ಹೊರೆ ಬರುತ್ತಿತ್ತು, ಹುಲ್ಲು, ಹಿಂಡಿಯ ಜೊತೆ ಸೇರಿಕೊಳ್ಳುತ್ತಿತ್ತು. ಈ ವರ್ಷ ಕಟಾವು ತಡವಾಗಿ, ಇಡೀ ಊರಿನ ಕಬ್ಬನ್ನು ಒಟ್ಟಿಗೇ ಕಡಿಯುತ್ತಿದ್ದರು. ಬೀದಿ ತುಂಬ ಸೋಗೆ. ಪುಕ್ಕಟೆ ಮೇವು ಸಿಗುವಾಗ ಹಿಂಡಿ ತರುವವರು ಯಾರು? ಎಲ್ಲ ಮನೆಯ ಹಸುಗಳೂ ಹೊತ್ತು ಹೊತ್ತಿಗೂ ಬರೀ ಸೋಗೆ ತಿನ್ನುತ್ತಿದ್ದವು. ಹೊಟ್ಟೆ ತುಂಬುತ್ತಿತ್ತು, ಹಾಲಿಗೆ ಗಟ್ಟಿ ಇರಲಿಲ್ಲ. ಪ್ಯಾನಲ್ಲು ಸೂರು ಹತ್ತಿದ್ದೂ, ಕುಡುಗೋಲು ಗದ್ದೆಗಿಳಿದಿದ್ದೂ ಒಂದೇ ವಾರ, ಅಷ್ಟೆ.

ಸೋಲಾರಿಗೆ ಅತಿ ಹತ್ತಿರ ಕಟ್ಟಿದ್ದ ಹಸುವೆಂದರೆ ಓರಗಿತ್ತಿಯದು. ಊರಿನಲ್ಲಿ ಈಗ ಅತ್ಯಂತ ಒಳ್ಳೆಯ ಹಾಲು ಅದೇ ಹಸುವಿನದು. ಇದನ್ನು ನಾನು ಕಂಡುಕೊಂಡದ್ದು ಹೇಗೆ? ನನ್ನ ತಮಾಷೆಗೆ ಆ ಹೆಂಗಸಿಗೆ ಬಹಿಷ್ಕಾರ ಬಿದ್ದಿದ್ದರಿಂದ. ಅವಳಿಗೆ ಸೋಗೆ ಸಿಕ್ಕಿದ್ದರೆ ನನಗೆ ಈ ಬುದ್ಧಿ ಬರುತ್ತಲೇ ಇರಲಿಲ್ಲ. ರಿಜಿಸ್ಟರು ಮುಚ್ಚಿ ಅಲ್ಲೇ ಕೂತು ಅತ್ತೆ. ಆಮೇಲೆ ಏನು ಮಾಡಿದೆ? ಏನೂ ಮಾಡಲಿಲ್ಲ. ಇನ್ನೂ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ಸೋಗೆಯ ವಿಷಯ ಹೇಳಲು ಹೊರಟರೆ ಮೊದಲು ಸೋಲಾರಿನ ಮಾತು ಯಾರದೆಂದು ಹೇಳಬೇಕಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಸಭೆ ಕರೆದರು. ಸದಸ್ಯರೇ ಸಹಿ ಹಾಕಿ ಕರೆಸಿದ ಸಭೆ. ವಿಷಯ ಎರಡೇ: ಪ್ಯಾನಲ್ಲು ಇಳಿಸಬೇಕು, ಅಧ್ಯಕ್ಷೆ ಇಳಿಯಬೇಕು. ಡೈರಿಯ ಅಂಗಳ ತುಂಬಿತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಯಾರೂ ನೆರಳಿಗೆ ಸರಿಯಲಿಲ್ಲ. ನಾನು ರಿಜಿಸ್ಟರನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ಅಕ್ಕ ಎದ್ದು ನಿಂತು, ಒಡೆದ ಹಾಲನ್ನು ಚರಂಡಿಗೆ ಸುರಿದದ್ದನ್ನು ಮರೆತಿರಾ ಎಂದು ಕೇಳಿದರು. ಮರೆತಿಲ್ಲ, ಆದರೆ ಆಗ ಹಾಲು ಗಟ್ಟಿಯಿತ್ತು ಎಂದು ಯಾರೋ ಕೂಗಿದರು. ಇಳಿಸಿ, ಇಳಿಸಿ ಎಂದು ನಾಲ್ಕು ಕಡೆಯಿಂದ ಎದ್ದಿತು. ಅಕ್ಕನ ದನಿ ಒಡೆಯಿತು. ಎದುರಿಗೆ ಗೋಡೆಗೊರಗಿ ನಿಂತಿದ್ದ ಓರಗಿತ್ತಿಯ ಕಡೆ ಕೈ ತೋರಿಸಿ, “ನಂದು ತಪ್ಪಾದ್ರೆ ಇವತ್ತೇ ಇಳೀತೀನಿ. ಮೊದ್ಲು ಇವ್ಳು ಯೋಳ್ಲಿ, ಈ ಸುದ್ದಿ ಹುಟ್ಸಿದ್ದು ನಾನಲ್ಲ ಅಂತ. ಚಿಕ್ಕರಸಿನಕೆರೆಗೆ ನಡೀಲಿ, ದೇವ್ರ ಮುಂದೆ ಕರ್ಪೂರ ಹಚ್ಚಿ ಯೋಳ್ಲಿ” ಎಂದರು.

ನಮ್ಮ ಕಡೆ ಆಣೆಗೆ ಕರೆಯುವುದು ಕೊನೆಯ ಮಾತು. ಕರ್ಪೂರ ಹಚ್ಚಿ ಆಣೆಯಿಟ್ಟ ಎರಡು ಮನೆಗಳು ಆಮೇಲೆ ಒಂದಕ್ಕೊಂದು ನೀರು ಕೊಡುವುದಿಲ್ಲ, ಬೆಂಕಿ ಕೊಡುವುದಿಲ್ಲ, ಸಾವಿಗೂ ಹೋಗುವುದಿಲ್ಲ. ಗೆದ್ದವರೂ ಸೋತವರೂ ಮಕ್ಕಳ ಕಾಲಕ್ಕೂ ಹಾಗೆಯೇ ಇರುತ್ತಾರೆ.

ಓರಗಿತ್ತಿ ಒಂದು ಕ್ಷಣವೂ ತಡಮಾಡಲಿಲ್ಲ. “ಆಟೋ ಕರೀರಿ” ಎಂದಳು. “ನಾನ್ ಬತ್ತೀನಿ. ನಾನಲ್ಲ ಅಂತ ನಾನು ಹಚ್ತೀನಿ, ಇವ್ಳೇ ಅಂತ ನೀನೂ ಹಚ್ಬೇಕು. ನಿನ್ ಮಗನ್ ತಲೆ ಮುಟ್ಟಿ.”

ಆಟೋ ಬಂತು. ಓರಗಿತ್ತಿ ಹತ್ತಿ ಕೂತಳು. ಅಕ್ಕ ಚಪ್ಪಲಿ ಮೆಟ್ಟಿಕೊಂಡರು. ನಾನು ಗಿರಣಿಯವಳನ್ನು ನೋಡಿದೆ. ಅವಳು ನನ್ನನ್ನು ನೋಡಿ, ಹೆದರಬೇಡ ಎನ್ನುವಂತೆ ತುಸುವೇ ತಲೆಯಾಡಿಸಿದಳು. ನನ್ನ ಗುಟ್ಟನ್ನು ದೇವರ ಆಣೆ ಬಂದರೂ ಬಿಟ್ಟುಕೊಡುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಅಷ್ಟು ನಿಯತ್ತನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

“ಅಕ್ಕ, ಹತ್ಬೇಡ” ಎಂದೆ. ಆಟೋದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದೆ. “ಹತ್ಬೇಡ ಕಣಕ್ಕ. ಆ ಮಾತು ನಂದು. ಸೋಲಾರು ಆಲ್ನ ಸಾರ ಕುಡ್ಕತ್ತದೆ ಅಂತ ಅಂದಿದ್ದು ನಾನು. ಕಿಟ್ಕೀಲಿ, ತಮಾಸೆಗೆ.”

ಅಕ್ಕ ಒಂದು ಕಾಲನ್ನು ಆಟೋದ ಮೇಲಿಟ್ಟಿದ್ದವರು ಹಾಗೇ ನಿಂತರು.

“ತಮಾಸೆಗಾ?” ಎಂದಿದ್ದು ಗಿರಣಿಯವಳು. “ನಾನು ನಿಜ ಅನ್ಕಂಡಿದ್ನಲ್ಲಮ್ಮಿ. ನಿನ್ ಕೆಲ್ಸ ಓದಾತು ಅಂತ ಬಾಯ್ ಕಟ್ಕೊಂಡಿದ್ನಲ್ಲೇ.”

ನಾನು ಸೋಗೆಯ ವಿಷಯ ಹೇಳಿದೆ. ರಿಜಿಸ್ಟರು ಬಿಚ್ಚಿ ತೋರಿಸಿದೆ. ಯಾರೂ ರಿಜಿಸ್ಟರಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡುತ್ತಿದ್ದರು. ಕೊನೆಗೆ ಮುದುಕಿಯೊಬ್ಬಳು, “ಅವತ್ತು ಅಂದಿದ್ದು ತಮಾಸೆ. ಇವತ್ತು ಅಂತಿರೋದು ತಮಾಸೆ ಅಲ್ಲ ಅಂತ ಎಂಗೆ ನಂಬಾನೆ?” ಎಂದಳು. “ಮಿಸನ್ನೂ ಅದೇ ಬಿಸ್ಲು ಕರೆಂಟಲ್ಲಿ ಓಡಾದು. ಅದು ಯೋಳಿದ್ದನ್ನ ನೀನು ಬರ್ಕೊಂಡಿದ್ದೀಯ” ಎಂದಳು ಇನ್ನೊಬ್ಬಳು. ಸುಳ್ಳು ಸುದ್ದಿ ನಂಬಿದವರು ದಡ್ಡರು ಎಂದು ಇಷ್ಟು ದಿನ ಒಳಗೊಳಗೇ ಬೈದುಕೊಂಡಿದ್ದೆನಲ್ಲ, ಇದಕ್ಕಿಂತ ನೆಟ್ಟಗಿನ ಪ್ರಶ್ನೆಯನ್ನು ಯಾವ ಇಂಜಿನಿಯರೂ ಕೇಳಿರಲಾರ.

ಒಳಗೆ ಹೋಗಿ ಬೀರುವಿನಿಂದ ಹಳೆಯ ಡಿಗ್ರಿ ಕಡ್ಡಿ ತಂದೆ. ಮಿಷನ್ನು ಬರುವ ಮುಂಚೆ ನಾವು ಬಳಸುತ್ತಿದ್ದ ಗಾಜಿನ ಕಡ್ಡಿ, ಕೆಳಗೆ ಗುಂಡು, ಮೇಲೆ ಗೆರೆಗಳು. ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ. ಗಟ್ಟಿ ಹಾಲಿನಲ್ಲಿ ಮೇಲೆ ನಿಲ್ಲುತ್ತದೆ, ತೆಳ್ಳಗಿದ್ದರೆ ಮುಳುಗುತ್ತದೆ. “ಇದ್ಕೆ ಯಾವ್ ಕರೆಂಟೂ ಬ್ಯಾಡ. ನಾನು ಮುಟ್ಟೋದೂ ಇಲ್ಲ. ನೀವೇ ಬುಡಿ, ನೀವೇ ಓದಿ” ಎಂದೆ. ಹೊರಗಿದ್ದ ಮೇನ್ ಸ್ವಿಚ್ಚನ್ನೂ ಒಬ್ಬಳು ಆಫ್ ಮಾಡಿದಳು.

ಹಾಲು ಕರೆಯುವ ಹೊತ್ತಾಗಿತ್ತು. ಮೂರು ಮನೆಯಿಂದ ಹಾಲು ತಂದರು: ಅಕ್ಕನದು, ಗಿರಣಿಯವಳದು, ಓರಗಿತ್ತಿಯದು. ಕರೆದ ಬಿಸಿ ಹಾಲಿನಲ್ಲಿ ಕಡ್ಡಿ ಸರಿಯಾಗಿ ನಿಲ್ಲುವುದಿಲ್ಲ, ಆರಬೇಕು. ಅಷ್ಟು ಜನ ಮೂರು ಚೊಂಬಿನ ಸುತ್ತ ಕೂತು ಹಾಲು ಆರುವುದನ್ನು ಕಾದರು. ಯಾರೂ ನನ್ನ ಹತ್ತಿರ ಕೂರಲಿಲ್ಲ. ಓರಗಿತ್ತಿ ಏಳನೇ ಕ್ಲಾಸು ಓದಿದವಳು. ಆಟೋದಿಂದ ಇಳಿದು ಬಂದು ಅವಳೇ ಕಡ್ಡಿ ಬಿಟ್ಟಳು. ಅಕ್ಕನ ಹಾಲಿನಲ್ಲಿ ಇಪ್ಪತ್ತಾರು. ಗಿರಣಿಯವಳದು ಅದಕ್ಕಿಂತ ಒಂದು ಗೆರೆ ಕಡಿಮೆ. ತನ್ನ ಹಾಲಿಗೆ ಬಂದಾಗ ಕಡ್ಡಿ ಚೊಂಬಿನ ಅಂಚಿಗೆ ತಗುಲಿತು. ಅದು ನಿಂತ ಮೇಲೆ ಗೆರೆ ನೋಡಿದಳು, ಇನ್ನೊಬ್ಬಳಿಗೆ ತೋರಿಸಿದಳು, ಅವಳು ಮತ್ತೊಬ್ಬಳಿಗೆ.

“ಇಪ್ಪತ್ತೆಂಟು” ಎಂದಿತು ಗುಂಪು.

“ಸೋಲಾರ್ ಬುಡದಲ್ಲೇ ಕಟ್ಟಿರೋ ಅಸ ಕಣ್ರಮ್ಮ ಇದು” ಎಂದಳು ಮುದುಕಿ, ಮೇಲೆ ನೋಡುತ್ತ. ಆಮೇಲೆ ಬೇರೆ ಯಾರೋ, ನಾಳೆಯಿಂದ ನಾನೂ ಎರಡು ಹೊತ್ತು ರಾಗಿ ಹುಲ್ಲು ಹಾಕಿ ನೋಡುತ್ತೇನೆ ಎಂದಳು. ಪ್ಯಾನಲ್ಲು ಇಳಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅಧ್ಯಕ್ಷೆಯನ್ನು ಇಳಿಸುವ ಮಾತೂ ಹಾಗೇ ಬಿದ್ದುಹೋಯಿತು. ವ್ಯಾನಿಗೆ ಹಾಲು ಹಾಕುತ್ತಿದ್ದವರು ಒಂದು ವಾರದೊಳಗೆ ಒಬ್ಬೊಬ್ಬರೇ ತಿರುಗಿ ಬಂದರು.

ಅಕ್ಕ ಆವತ್ತೇ ಎಲ್ಲರೆದುರಿಗೆ ಓರಗಿತ್ತಿಯ ಕೈ ಹಿಡಿದುಕೊಂಡು ತಪ್ಪಾಯಿತು ಎಂದರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಜನ ಚದುರಿದ ಮೇಲೆ ನಾನು ಕೀಲಿಕೈ ಗೊಂಚಲನ್ನು ಅಕ್ಕನ ಮುಂದೆ ಇಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು. “ಕೆಲ್ಸ ಗೊತ್ತಿರೋಳು ನೀನೊಬ್ಳೇ. ಮಾಡ್ಕೊಂಡ್ ಓಗು” ಎಂದರು. ಬಾಗಿಲವರೆಗೆ ಹೋದವರು ತಿರುಗಿ, “ತಮಾಸೆ ಮಾಡಿದ್ದಕ್ಕಲ್ಲ ಕಣೆ. ನಾನ್ ಕೇಳ್ದಾಗ ಇಲ್ಲ ಅಂದ್ಯಲ್ಲ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರನೆಯ ಬೆಳಿಗ್ಗೆಯಿಂದ ಮಿಷನ್ನಿನ ಪಕ್ಕದಲ್ಲಿ ಗಾಜಿನ ಕಡ್ಡಿಯನ್ನೂ ಇಟ್ಟೆ. ಬೇಕಾದವರು ನೋಡಲಿ ಎಂದು. ಅಕ್ಕ ಎಂದಿನಂತೆ ಸಾಲಿನಲ್ಲೇ ಬಂದು ಡಬ್ಬಿ ಇಟ್ಟರು. ನಾನು ಇಪ್ಪತ್ತಾರು ಎಂದೆ. ಹನ್ನೊಂದು ವರ್ಷದಲ್ಲಿ ನಾನು ಕೂಗಿದ್ದನ್ನು ಕೇಳಿಸಿಕೊಂಡು, ಡಬ್ಬಿ ತೆಗೆದುಕೊಂಡು ಹೊರಟುಬಿಡುತ್ತಿದ್ದವರು ಆವತ್ತು ಹೊರಡಲಿಲ್ಲ. ಕಡ್ಡಿ ಬಿಡು ಎಂದರು. ಹಾಲು ಆರುವ ತನಕ ನಿಂತು, ಕನ್ನಡಕ ಮೇಲೇರಿಸಿ, ಕಿಟಕಿಯೊಳಗೆ ಕತ್ತು ಹಾಕಿ, ಹಾಲಿನ ಮೇಲಿನಿಂದ ಕಡ್ಡಿಯ ಗೆರೆಗಳನ್ನು ಬೆರಳಿಟ್ಟು ಒಂದೊಂದೇ ಎಣಿಸಿದರು. ಹಿಂದೆ ಸಾಲು ಕಾಯುತ್ತಿತ್ತು. ಎಣಿಸಿ ಮುಗಿಸಿ, “ಇಪ್ಪತ್ತಾರೇ” ಎಂದರು. ನನಗಲ್ಲ, ಹಿಂದೆ ನಿಂತವರಿಗೆ.

ಈಗ ಅವರ ಹಾಲು ಇಪ್ಪತ್ತೆಂಟಕ್ಕೆ ಬಂದಿದೆ. ಆದರೂ ದಿನಕ್ಕೆ ಎರಡು ಹೊತ್ತೂ ಗೆರೆ ಎಣಿಸುತ್ತಾರೆ.